ಕಂಟ್ರೋಲರ್ ಮಾತು ನಿಲ್ಲಿಸಿದರೆ ಬಾಕ್ಸ್ ಬದಲಿಸಬೇಡಿ, ಮೊದಲು ವೈರ್ ನೋಡಿ

2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂದ ಮೇಲೆ ನಮ್ಮ ಕಡೆ ಬಯೋಫ್ಲಾಕ್ ತೊಟ್ಟಿಗಳು ಹೆಚ್ಚಾದವು. ತೊಟ್ಟಿಗಳ ಹಿಂದೆಯೇ ಕಂಟ್ರೋಲರ್ ಬಾಕ್ಸ್‌ಗಳೂ ಬಂದವು. ನೀರಿನಲ್ಲಿ ಕರಗಿದ ಆಮ್ಲಜನಕ, ಪಿಎಚ್, ಉಷ್ಣಾಂಶ ಎಲ್ಲವನ್ನೂ ಅಳೆದು ಫೋನಿಗೆ ಕಳಿಸುತ್ತೆ, ಬ್ಲೋವರ್ ತಾನೇ ಆನ್ ಆಫ್ ಮಾಡುತ್ತೆ. ಒಳ್ಳೆಯದೇ. ಆದರೆ ಒಂದು ದಿನ ಆಪ್‌ನಲ್ಲಿ 'ಆಫ್‌ಲೈನ್' ಅಂತ ಬರುತ್ತೆ, ಮಾರಿದವರಿಗೆ ಫೋನ್ ಮಾಡಿದರೆ 'ಬೋರ್ಡ್ ಹೋಗಿದೆ, ಹೊಸದು ಹಾಕಿಸಿ' ಅಂತಾರೆ. ಸ್ಟಾರ್ಟರ್, ಪ್ಯಾನಲ್ ರಿಪೇರಿ ನನ್ನ ಕಸುಬು. ಈಗ ಮೀನಿನ ತೊಟ್ಟಿಗಳ ಕೆಲಸವೂ ಸೇರಿಕೊಂಡಿದೆ. ನಾನು ನೋಡಿದ ಮಟ್ಟಿಗೆ ಬೋರ್ಡ್ ಸುಟ್ಟಿರೋದು ಅಪರೂಪ. ಕೆಡೋದು ನಡುವಿನ ಮಾತುಕತೆ.

ಮೊದಲು ಒಂದೇ ಒಂದು ವಿಷಯ ನೋಡಿ. ತೊಟ್ಟಿಯ ಹತ್ತಿರ ಇರುವ ಬಾಕ್ಸಿನ ಪರದೆಯಲ್ಲಿ ಅಂಕಿ ಬರ್ತಾ ಇದೆಯಾ? ಬರ್ತಾ ಇದ್ದು ಫೋನಿಗೆ ಮಾತ್ರ ಬರ್ತಿಲ್ಲ ಅಂದ್ರೆ ತೊಂದರೆ ಸಿಮ್‌ನಲ್ಲೋ ವೈಫೈನಲ್ಲೋ ಇದೆ. ಪರದೆಯಲ್ಲೂ ಅಂಕಿ ಇಲ್ಲ ಅಂದ್ರೆ ಸೆನ್ಸರಿನಿಂದ ಬಾಕ್ಸಿಗೆ ಬರುವ ವೈರ್ ಹಿಡಿದು ನಡೆಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ.

ಅಂಕಿ ಇದೆ ಅಂತ ಪೂರ್ತಿ ನಂಬಲೂಬೇಡಿ. ಕೆಲವು ಬಾಕ್ಸ್‌ಗಳು ಸೆನ್ಸರ್ ಸಂಪರ್ಕ ತಪ್ಪಿದರೂ ಕೊನೆಗೆ ಬಂದ ಅಂಕಿಯನ್ನೇ ತೋರಿಸ್ತಾ ಕೂತಿರುತ್ತವೆ. ಪರದೆ ಮೇಲೆ 5.8 ಇರುತ್ತೆ, ಅದು ಮೂರು ಗಂಟೆ ಹಿಂದಿನದು. ನನ್ನ ಲೆಕ್ಕದಲ್ಲಿ ಇದು ಆಫ್‌ಲೈನ್‌ಗಿಂತ ಕೆಟ್ಟದ್ದು. ಸೆನ್ಸರನ್ನು ನೀರಿನಿಂದ ಮೇಲೆತ್ತಿ ಗಾಳಿಯಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಅಂಕಿ ಅಲುಗಾಡದಿದ್ದರೆ ಅದು ಹಳೇ ಸುದ್ದಿ.

ಇನ್ನು ವೈರ್ ವಿಚಾರ. ಇಂಥ ಸೆನ್ಸರ್‌ಗಳಲ್ಲಿ ಬಹಳಷ್ಟು ಆರ್‌ಎಸ್-485 ಅನ್ನೋ ಎರಡು ತಂತಿಯ ಲೈನಿನಲ್ಲಿ ಮಾತಾಡುತ್ತವೆ. ಎ ಮತ್ತು ಬಿ ಅಂತ ಎರಡು ತುದಿ. ಅದಲು ಬದಲಾದರೆ ಏನೂ ಸುಡಲ್ಲ, ಮಾತು ಮಾತ್ರ ನಿಲ್ಲುತ್ತೆ. ಕೆಲವು ತಯಾರಕರು ಎ, ಬಿ ಹೆಸರನ್ನೇ ಉಲ್ಟಾ ಬರೆದಿರುತ್ತಾರೆ, ಹಾಗಾಗಿ ಒಮ್ಮೆ ತಿರುಗಿಸಿ ಹಾಕಿ ನೋಡೋದರಲ್ಲಿ ತಪ್ಪಿಲ್ಲ. ಲೈನ್ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸರಪಳಿ ಹಾಗೆ ಹೋಗಬೇಕು. ಮನೆ ಲೈಟ್ ವೈರಿಂಗ್ ಮಾಡಿದ ಹಾಗೆ ಒಂದು ಕಡೆಯಿಂದ ನಾಲ್ಕು ಕವಲು ತೆಗೆದರೆ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ. ಉದ್ದದ ಲೈನಾದರೆ ಎರಡೂ ಕೊನೆಗೆ 120 ಓಮ್ ರೆಸಿಸ್ಟರ್ ಬೇಕು. ಕರೆಂಟ್ ತೆಗೆದು ಎ-ಬಿ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ಕೊನೆಯ ರೆಸಿಸ್ಟರ್ ಇಲ್ಲ, ಇಲ್ಲವೇ ನಡುವೆ ತಂತಿ ಕಡಿದಿದೆ.

ಬ್ಲೋವರ್ ಆನ್ ಆದಾಗ ಮಾತ್ರ ಅಂಕಿ ಹೋಗುತ್ತಾ? ಡೇಟಾ ವೈರನ್ನು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದಿರುತ್ತಾರೆ. ಒಂದು ಅಡಿಯಾದರೂ ದೂರ ಮಾಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಹೊಸ ಸೆನ್ಸರ್ ಸೇರಿಸಿದ ದಿನವೇ ಹಳೆಯದೂ ನಿಂತರೆ, ಎರಡಕ್ಕೂ ಒಂದೇ ನಂಬರ್ ಇದೆ ಅಂತ ಅರ್ಥ. ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ಎಲ್ಲದಕ್ಕೂ 1 ಅಂತಲೇ ವಿಳಾಸ ಇರುತ್ತೆ. ಒಂದೊಂದೇ ಸೇರಿಸಿ ನಂಬರ್ ಬದಲಿಸಬೇಕು. ಆ ವಿಳಾಸದ ಪಟ್ಟಿ, ಪಾಸ್‌ವರ್ಡ್ ಕೇಳಿದರೆ ಕೊಡದ ವ್ಯಾಪಾರಿಗಳಿದ್ದಾರೆ. ಲಕ್ಷಗಟ್ಟಲೆ ಮೀನು ಸಾಕುವವನ ಕೈಗೆ ಬೀಗದ ಕೈ ಕೊಡದೆ ಬೀಗ ಮಾರಿದ ಹಾಗೆ ಇದು. ಹಣ ಕೊಡುವ ಮುಂಚೆಯೇ ಬರೆಸಿಕೊಳ್ಳಿ.

ತೊಟ್ಟಿ ಶೆಡ್ಡಿನಲ್ಲಿ ಸದಾ ತೇವ. ಜಾಯಿಂಟಿನ ತಾಮ್ರ ಹಸಿರು ಕಟ್ಟಿದ್ದರೆ ಕತ್ತರಿಸಿ ಹೊಸದಾಗಿ ಕೂಡಿಸಿ. ವೈರ್ ಬಾಕ್ಸಿನ ಕೆಳಗಿನಿಂದ ಒಳಗೆ ಹೋಗಲಿ, ಮೇಲಿನಿಂದ ಬೇಡ.

ಸಿಮ್ ವಿಷಯ ಚಿಕ್ಕದು. ರೀಚಾರ್ಜ್ ನೋಡಿ. ಹಳೆಯ 2ಜಿ ಮಾಡ್ಯೂಲ್ ಇದ್ದರೆ ಜಿಯೋ ಸಿಮ್ ನಡೆಯಲ್ಲ, ಅವರಿಗೆ 2ಜಿ ನೆಟ್‌ವರ್ಕೇ ಇಲ್ಲ. ವೈಫೈ ಆದರೆ ಬಹುತೇಕ ಬಾಕ್ಸ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ತಗಡಿನ ಶೆಡ್ ಸಿಗ್ನಲ್ ತಡೆಯುತ್ತೆ, ಆಂಟೆನಾ ಹೊರಗೆ ಹಾಕಿಸಿ.

ಇಷ್ಟೆಲ್ಲಾ ಸರಿ ಮಾಡಿದರೂ ಸಂಪರ್ಕ ಇನ್ನೊಂದು ದಿನ ತಪ್ಪೇ ತಪ್ಪುತ್ತೆ. ಅದಕ್ಕೇ ನನ್ನ ವಾದ ಇಷ್ಟು: ಬ್ಲೋವರ್ ಓಡೋದಕ್ಕೆ ಕಂಟ್ರೋಲರಿನ ಅಪ್ಪಣೆ ಬೇಕಾಗಬಾರದು, ನಿಲ್ಲೋದಕ್ಕೆ ಮಾತ್ರ ಬೇಕಾಗಬೇಕು. ಬಯೋಫ್ಲಾಕ್ ನೀರಿನಲ್ಲಿ ಮೀನಿನ ಜೊತೆ ಬ್ಯಾಕ್ಟೀರಿಯಾವೂ ಆಮ್ಲಜನಕ ತಿನ್ನುತ್ತೆ. ಮೀನು ಒತ್ತಾಗಿ ಬಿಟ್ಟಿದ್ದರೆ ಗಾಳಿ ನಿಂತ ಒಂದೆರಡು ಗಂಟೆಯೊಳಗೇ ಮೀನು ತೇಲಲು ಶುರುವಾಗಬಹುದು. ಜಿಲೇಬಿ ಮೀನು ಗಟ್ಟಿ ಅಂತಾರೆ, ಅಷ್ಟೊಂದು ಗಟ್ಟಿ ಅಲ್ಲ. ಬ್ಲೋವರಿನ ಕಾಂಟ್ಯಾಕ್ಟರ್ ಕಾಯಿಲನ್ನು ಕಂಟ್ರೋಲರ್ ರಿಲೇಯ ಎನ್‌ಸಿ ತುದಿಯಿಂದ ಕೊಡಿಸಿ. ಆಗ ಬಾಕ್ಸ್ ಸತ್ತರೆ ರಿಲೇ ಬಿಡುತ್ತೆ, ಬ್ಲೋವರ್ ಓಡುತ್ತೆ. ಬಾಕ್ಸ್ ಜೀವಂತ ಇದ್ದು ಸೆನ್ಸರ್ ಮಾತು ನಿಂತಾಗಲೂ ರಿಲೇ ಬಿಡುವ ಹಾಗೆ ಸೆಟ್ ಮಾಡಿಕೊಡಿ ಅಂತ ಮಾರುವವರನ್ನು ಕೇಳಿ. ಕೊಂಡ ದಿನವೇ ಸೆನ್ಸರ್ ವೈರ್ ಕಿತ್ತು ಅವರ ಮುಂದೆಯೇ ಪರೀಕ್ಷೆ ಮಾಡಿಸಿ. ರಾತ್ರಿಯೆಲ್ಲಾ ಬ್ಲೋವರ್ ಓಡಿ ಕರೆಂಟ್ ಬಿಲ್ ಜಾಸ್ತಿ ಬಂದರೆ ಬರಲಿ.

ಕರೆಂಟೇ ಹೋದರೆ ಇದ್ಯಾವುದೂ ನಡೆಯಲ್ಲ. ಅದಕ್ಕೆ ಬೇರೆ ಗಂಟೆ ಬೇಕು. ಬ್ಲೋವರ್ ಎಂಸಿಬಿಯ ಆಚೆ ಬದಿಗೆ 230 ವೋಲ್ಟಿನ ರಿಲೇ ಒಂದು ಹಾಕಿ, ಅದರ ಎನ್‌ಸಿ ತುದಿಗೆ ಬ್ಯಾಟರಿ ಮತ್ತು ಬಜರ್ ಕೊಡಿ. ಕರೆಂಟ್ ಹೋದರೂ ಎಂಸಿಬಿ ಬಿದ್ದರೂ ಹೊಡಕೊಳ್ಳುತ್ತೆ. ಸಿಮ್ ಬೇಡ, ಆಪ್ ಬೇಡ. ಬಜರನ್ನು ಶೆಡ್ಡಿನಲ್ಲಿ ಇಡಬೇಡಿ, ವೈರ್ ಎಳೆದು ನೀವು ಮಲಗುವ ಕಡೆ ಇಡಿ. ತಿಂಗಳಿಗೊಮ್ಮೆ ಎಂಸಿಬಿ ಇಳಿಸಿ, ಬ್ಯಾಟರಿ ಇನ್ನೂ ಇದೆಯಾ ನೋಡಿಕೊಳ್ಳಿ.