ತಿದ್ದುಪಡಿ ಕೇಳುವ ಓದುಗರಾಗೋಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಓದುಗ ಬಾಂಧವರೇ,

2025ರ ಜುಲೈ, ಆಗಸ್ಟ್ ತಿಂಗಳುಗಳನ್ನು ನಾವ್ಯಾರೂ ಮರೆತಿಲ್ಲ. ಧರ್ಮಸ್ಥಳದಲ್ಲಿ ಹಲವು ಶವಗಳನ್ನು ಹೂತಿದ್ದೇನೆಂದು ಮಾಜಿ ನೈರ್ಮಲ್ಯ ಕಾರ್ಮಿಕನೊಬ್ಬ ದೂರು ಕೊಟ್ಟ. ಜುಲೈ 19ರಂದು ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ನೇತ್ರಾವತಿ ಸ್ನಾನಘಟ್ಟದ ಬಳಿ ಗುದ್ದಲಿ ಬೀಳುವ ಮೊದಲೇ ಮೊಬೈಲಿನಲ್ಲಿ ತೀರ್ಪು ಬಂದಾಗಿತ್ತು. ಕೆಲವರಿಗೆ ಆತ ವೀರ, ಕೆಲವರಿಗೆ ಮೊದಲ ದಿನವೇ ಸುಳ್ಳುಗಾರ. ಆಗಸ್ಟ್ 23ರಂದು ಎಸ್‌ಐಟಿ ಆತನನ್ನೇ ಬಂಧಿಸಿದಾಗ ಮೈಕ್ ಹಿಡಿದವರು ಬದಲಾದರು, ಅಬ್ಬರ ಬದಲಾಗಲಿಲ್ಲ. ಈ ನಡುವೆ ಬೆಂಗಳೂರಿನ ನ್ಯಾಯಾಲಯವೊಂದು ಧರ್ಮಸ್ಥಳಕ್ಕೆ ಸಂಬಂಧಿಸಿದ ಸಾವಿರಾರು ಲಿಂಕ್‌ಗಳನ್ನು ತೆಗೆದುಹಾಕಲು ಆದೇಶಿಸಿತ್ತು. ಯೂಟ್ಯೂಬ್ ವಾಹಿನಿಯೊಂದರ ಅರ್ಜಿಯ ಮೇಲೆ ಆಗಸ್ಟ್ 1ರಂದು ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆಗಸ್ಟ್ 6ರಂದು ಧರ್ಮಸ್ಥಳದಲ್ಲೇ ಯೂಟ್ಯೂಬರ್‌ಗಳ ಮೇಲೆ ಹಲ್ಲೆಯಾಯಿತು. ಬಾಯಿ ಮುಚ್ಚಿಸುವುದು ಎಷ್ಟು ತಪ್ಪೋ ಬಾಯಿಗೆ ಬಂದದ್ದನ್ನು ಸುದ್ದಿ ಎನ್ನುವುದೂ ಅಷ್ಟೇ ತಪ್ಪು.

ಸುದ್ದಿಯ ಮೇಲೆ ಮಾಲೀಕರ ಒತ್ತಡವೂ ಇರುತ್ತದೆ; ಮಾಧ್ಯಮಗಳ ಒಡೆತನವೋ ಕೈ ಬದಲಾಗುತ್ತಲೇ ಇರುತ್ತದೆ. ವಿಜಯ ಸಂಕೇಶ್ವರರು ಕಟ್ಟಿದ ‘ವಿಜಯ ಕರ್ನಾಟಕ’ 2006ರಲ್ಲಿ ಟೈಮ್ಸ್ ಸಮೂಹದ ಪಾಲಾಯಿತು. 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಸಮೂಹದ ಕೈಸೇರಿತು. ಇಂಥ ವ್ಯವಹಾರಗಳಲ್ಲಿ ಓದುಗರನ್ನು ಯಾರೂ ಕೇಳುವುದಿಲ್ಲ. ಓದುಗರೇ ಪಾಲುದಾರರಾಗಲಿ ಎಂದು ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಜನರ ಷೇರು ಹಣದಿಂದ ಮಂಗಳೂರಿನಲ್ಲಿ ‘ಮುಂಗಾರು’ ಆರಂಭಿಸಿದರು. ದಿನಪತ್ರಿಕೆಗೆ ದಿನವೂ ದುಡ್ಡು ಬೇಕು. ಹಣದ ಮುಗ್ಗಟ್ಟಿನಲ್ಲಿ ಅದು ಬಹುಕಾಲ ನಿಲ್ಲಲಿಲ್ಲ.

ಒತ್ತಡ ದೊಡ್ಡ ಮಾಲೀಕರಿಂದಲೇ ಬರಬೇಕೆಂದಿಲ್ಲ. ನಮ್ಮೂರಿನ ಬಿಡಿ ಸುದ್ದಿಗಾರರನ್ನೇ ನೋಡಿ. ಹಲವರಿಗೆ ಸಂಬಳವಿಲ್ಲ, ಅಚ್ಚಾದ ಸುದ್ದಿಗೆ ಇಂತಿಷ್ಟು, ತಂದ ಜಾಹೀರಾತಿಗೆ ಇಂತಿಷ್ಟು ಕಮಿಷನ್. ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುರವಣಿ ಬರುತ್ತದೆಂದರೆ ಗುತ್ತಿಗೆದಾರರು, ಸೊಸೈಟಿ ಅಧ್ಯಕ್ಷರು, ರಾಜಕಾರಣಿಗಳ ಮನೆಗೆ ಅಲೆಯಬೇಕು. ಶುಭಾಶಯದ ಜಾಹೀರಾತು ಕೊಟ್ಟವರೇ ಹಾಕಿದ ರಸ್ತೆ ಮೊದಲ ಮಳೆಗೆ ಕಿತ್ತುಹೋದರೆ ಆ ಸುದ್ದಿಗಾರ ಯಾವ ಧೈರ್ಯದಲ್ಲಿ ಬರೆಯಬೇಕು?

ಆದ್ದರಿಂದ ಕೆಲವು ಮನವಿಗಳು.

ಕೊಲೆ, ಗಲಭೆಯ ಸುದ್ದಿ ಬಂದಾಗ ಬೆರಳು ತಡೆಯಿರಿ. 2025ರ ಮೇ ತಿಂಗಳಲ್ಲಿ ಬಜ್ಪೆಯಲ್ಲೊಂದು, ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲೊಂದು ಕೊಲೆಯಾದಾಗ ಸೇಡಿನ ಸಂದೇಶಗಳು ಹೇಗೆ ಹರಿದಾಡಿದವು ಎಂಬುದು ಗೊತ್ತೇ ಇದೆ. ಯಾರು ಹೇಳಿದ್ದು, ಎಲ್ಲಿ, ಯಾವಾಗ ಎಂಬುದಿಲ್ಲದ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಫೋಟೊ ಹಂಚುವವರಿಗೂ ಅದು ಅನ್ವಯಿಸುತ್ತದೆ.

ಪತ್ರಿಕೆಯಲ್ಲಿ ತಪ್ಪು ಕಂಡರೆ ಗೊಣಗಿ ಸುಮ್ಮನಾಗಬೇಡಿ, ಸಂಪಾದಕರಿಗೆ ಬರೆಯಿರಿ. ತೃಪ್ತಿಕರ ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳೊಳಗೆ. ಟಿ.ವಿ., ಯೂಟ್ಯೂಬ್‌ಗಳು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ನೋಡದಿರುವ ಹಕ್ಕು. ವೀಕ್ಷಣೆಗಳ ಎಣಿಕೆಯೇ ಅವರ ಆದಾಯದ ಮೂಲ.

ಒಂದು ಪತ್ರಿಕೆಯನ್ನಾದರೂ ದುಡ್ಡು ಕೊಟ್ಟು ಓದಿ. ಪಿಡಿಎಫ್ ಗ್ರೂಪಿನಲ್ಲಿ ಬಿಟ್ಟಿ ಓದಿ, ‘ಪತ್ರಿಕೆ ಮಾರಿಕೊಂಡಿದೆ’ ಎನ್ನುವುದು ನ್ಯಾಯವಲ್ಲ. ವ್ಯಾಪಾರಸ್ಥರೇ, ಜಾಹೀರಾತು ಕೊಡಿ, ಮೌನ ಕೇಳಬೇಡಿ. ಪತ್ರಕರ್ತ ಮಿತ್ರರೇ, ಹಣ ಪಡೆದ ಬರಹದ ಮೇಲೆ ‘ಜಾಹೀರಾತು’ ಎಂದು ಕಾಣುವಂತೆ ಹಾಕಿ. ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳ ಪತ್ರಿಕೋದ್ಯಮ ವಿದ್ಯಾರ್ಥಿಗಳೇ, ವೈರಲ್ ಸಂದೇಶಗಳ ಸತ್ಯಾಸತ್ಯತೆ ಪರಿಶೀಲಿಸಿ ಊರಿಗೆ ತಿಳಿಸುವ ಕೆಲಸ ನೀವೇ ಕೈಗೆತ್ತಿಕೊಳ್ಳಬಹುದಲ್ಲ?

ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದ ನೆನಪಿಗೆ ಪ್ರತಿವರ್ಷ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಈ ಸಲ ಮೂರೂ ತಾಲೂಕುಗಳ ಪತ್ರಕರ್ತರ ಸಂಘಗಳು ಶಾಲು, ಹಣ್ಣಿನ ಬುಟ್ಟಿಯ ಸನ್ಮಾನ ಮುಗಿದ ಮೇಲೆ ಒಂದು ಗಂಟೆ ಓದುಗರಿಗೆ ಬಿಟ್ಟುಕೊಡಲಿ. ವರ್ಷದಲ್ಲಿ ಎಷ್ಟು ತಪ್ಪು ಸುದ್ದಿ ಬಂತು, ಎಷ್ಟಕ್ಕೆ ತಿದ್ದುಪಡಿ ಹಾಕಿದಿರಿ ಎಂದು ನಾವು ಕೇಳೋಣ. ಎಷ್ಟು ಸುಳ್ಳು ಸಂದೇಶ ಹಂಚಿದಿರಿ ಎಂದು ಅವರೂ ನಮ್ಮನ್ನು ಕೇಳಲಿ.