ಹಿತ್ತಲ ತೋಟ: ಆಲೂಗಡ್ಡೆಯೂ ಗೆಣಸೂ ಒಂದೇ ಮನೆಯ ಮಕ್ಕಳಲ್ಲ

ಮೈಸೂರಿನಿಂದ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಮನೆಯ ಹಿಂದೆ ಹತ್ತಡಿ ಉದ್ದ, ಎಂಟಡಿ ಅಗಲದ ಜಾಗವಿದೆ. ಯುಗಾದಿಯ ಮರುದಿನ, ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆಯೊಡೆದಿದ್ದ ನಾಲ್ಕಾರು ಆಲೂಗಡ್ಡೆಗಳನ್ನೂ ತಿನ್ನದೆ ಉಳಿದಿದ್ದ ಎರಡು ಗೆಣಸುಗಳನ್ನೂ ಒಂದೇ ಪಾತಿಯಲ್ಲಿ ಹೂಳಿದರಂತೆ. ಬುಟ್ಟಿಗಟ್ಟಲೆ ಸಗಣಿ ಗೊಬ್ಬರ ಹಾಕಿ, ದಿನವೂ ಸಂಜೆ ತಪ್ಪದೆ ನೀರೆರೆದರಂತೆ. ಆಲೂಗಡ್ಡೆಯ ಗಿಡಗಳು ಮೊಳಕಾಲಿಗೂ ಮೇಲೆ ಬೆಳೆದುವು. ಗೆಣಸಿನ ಬಳ್ಳಿ ಕಾಂಪೌಂಡು ಹತ್ತಿ ಪಕ್ಕದ ಮನೆಯವರ ಅಂಗಳಕ್ಕೂ ಇಳಿಯಿತು. ಆಷಾಢದಲ್ಲಿ ಅಗೆದು ನೋಡಿದರೆ ಒಂದರ ಬುಡದಲ್ಲಿ ಗೋಲಿಯ ಗಾತ್ರದ ನಾಲ್ಕು ಉಂಡೆ, ಇನ್ನೊಂದರ ಬುಡದಲ್ಲಿ ಹುರಿಹಗ್ಗದಂಥ ಬೇರು! “ದೋಷ ನಮ್ಮ ಮಣ್ಣಿನದೋ, ನನ್ನ ಕೈಗುಣವೋ?” ಎಂದು ಅವರ ಪ್ರಶ್ನೆ. “ನಮ್ಮ ಅತ್ತೆಯವರು ಕೈಗುಣವೆಂದೇ ತೀರ್ಮಾನಿಸಿಬಿಟ್ಟಿದ್ದಾರೆ” ಎಂದು ಕೊನೆಯಲ್ಲಿ ಒಂದು ಸಾಲು.

ಮಣ್ಣಿನ ದೋಷವೂ ಅಲ್ಲ, ಕೈಗುಣವೂ ಅಲ್ಲ. ಸೋದರಿಯವರು ಎರಡು ಬೇರೆ ಬೇರೆ ಕುಲದ ಸಸ್ಯಗಳನ್ನು ಒಡಹುಟ್ಟಿದವರೆಂದು ಭಾವಿಸಿ ಒಂದೇ ಎಲೆಯಲ್ಲಿ ಊಟಕ್ಕಿಟ್ಟರು, ಅಷ್ಟೆ. ಈ ತಪ್ಪು ಅವರೊಬ್ಬರದೇ ಅಲ್ಲ, ಹಳೆಯದೂ ಹೌದು. ಉತ್ತರ ಕರ್ನಾಟಕದಲ್ಲಿಯೂ ಕರಾವಳಿಯಲ್ಲಿಯೂ ನಾವು ಆಲೂಗಡ್ಡೆಗೆ ಬಟಾಟೆ ಎನ್ನುತ್ತೇವಲ್ಲ, ಪೋರ್ಚುಗೀಸರ ಮೂಲಕ ನಮಗೆ ಬಂದ ಆ ಹೆಸರು ಮೊದಲು ಗೆಣಸಿನದಾಗಿತ್ತು. ಅಮೆರಿಕ ಖಂಡದಿಂದ ಎರಡನ್ನೂ ಹಡಗಿನಲ್ಲಿ ತಂದ ಯುರೋಪಿನವರೇ ಇವುಗಳ ಹೆಸರನ್ನು ಕಲಸಿಬಿಟ್ಟರು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ತಂಪು ಎತ್ತರ. ಅದರ ಬಂಧುಗಳು ಬದನೆ, ಟೊಮೇಟೊ, ಮೆಣಸಿನಕಾಯಿ. ಗೆಣಸು ಅದೇ ಖಂಡದ ಬೆಚ್ಚನೆಯ ಸೀಮೆಯದು. ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುವ, ಬೇಲಿಗೆ ಹಬ್ಬಿಸುವ ನೀಲಿ ತುತ್ತೂರಿ ಹೂವಿನ ಬಳ್ಳಿ ಅದರ ಹತ್ತಿರದ ನೆಂಟ.

ಇನ್ನೂ ಮುಖ್ಯವಾದ ಭೇದವೊಂದಿದೆ. ಆಲೂಗಡ್ಡೆ ಬೇರಲ್ಲ, ಕಾಂಡ. ನೆಟ್ಟ ಗಡ್ಡೆಯಿಂದ ಮೇಲೇಳುವ ಚಿಗುರು ಮಣ್ಣಿನೊಳಗಿರುವಾಗಲೇ ಅಡ್ಡಲಾಗಿ ಬಿಳಿಯ ಎಳೆಗಳನ್ನು ಚಾಚುತ್ತದೆ. ಅವುಗಳ ತುದಿ ಊದಿಕೊಂಡು ಹೊಸ ಗಡ್ಡೆಯಾಗುತ್ತದೆ. ಆಲೂಗಡ್ಡೆಗೆ ಕಣ್ಣುಗಳಿರುವುದು ಇದಕ್ಕೇ. ಅವು ಕಾಂಡದ ಮೊಗ್ಗುಗಳು. ಗೆಣಸಾದರೋ ಅಪ್ಪಟ ಬೇರು. ಅದನ್ನು ಎಷ್ಟು ತಿರುಗಿಸಿ ನೋಡಿದರೂ ಕಣ್ಣು ಸಿಕ್ಕುವುದಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ನೆಡುವ ಕ್ರಮ, ಮಣ್ಣು ಕೊಡುವ ಕ್ರಮ, ಎಲ್ಲವೂ ತಾವಾಗಿ ಹೊಳೆಯುತ್ತವೆ.

ಮೊದಲು ಆಲೂಗಡ್ಡೆಯನ್ನು ನೋಡೋಣ. ಅದಕ್ಕೆ ಬೇಕಾದುದು ತಂಪಾದ ರಾತ್ರಿ. ಹಗಲಿನಲ್ಲಿ ಎಲೆ ತಯಾರಿಸಿದ ಸಕ್ಕರೆಯನ್ನು ಗಿಡವು ನೆಲದಡಿಗೆ ಸಾಗಿಸಿ ಪಿಷ್ಟವಾಗಿ ಕೂಡಿಡುತ್ತದೆ. ರಾತ್ರಿಯ ಉಷ್ಣತೆ 15ರಿಂದ 18 ಡಿಗ್ರಿಯಷ್ಟಿದ್ದರೆ ಈ ಉಳಿತಾಯ ಚೆನ್ನಾಗಿ ನಡೆಯುತ್ತದೆ. 20 ಡಿಗ್ರಿ ದಾಟಿತೆಂದರೆ ಕಡಿಮೆಯಾಗುತ್ತ ಹೋಗುತ್ತದೆ. ಗಿಡ ದುಡಿದುದನ್ನೆಲ್ಲ ಉಸಿರಾಟಕ್ಕೂ ಹೊಸ ಎಲೆಗೂ ವೆಚ್ಚಮಾಡಿಬಿಡುತ್ತದೆ. ಚೈತ್ರ ವೈಶಾಖಗಳ ಸೆಕೆಯಲ್ಲಿ ಮೈಸೂರಿನ ಸೋದರಿಗೆ ಸೊಂಪಾದ ಸೊಪ್ಪು ಬಂದು ಗಡ್ಡೆ ಬಾರದಿದ್ದುದರ ಗುಟ್ಟು ಇದೇ. ಬೆಂಗಳೂರು, ಮೈಸೂರು, ಕೋಲಾರದ ಕಡೆಯವರು ವಿಜಯದಶಮಿ ಕಳೆದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟರೆ ಪುಷ್ಯ ಮಾಘಗಳ ಚಳಿ ಗಡ್ಡೆಗೆ ದೊರೆಯುತ್ತದೆ. ಹಾಸನದ ಹೊಲಗಳಲ್ಲಿ ಮುಂಗಾರಿನಲ್ಲೇ ನೆಡುವರಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಮೋಡ ಮುಸುಕಿದ ಮಳೆಗಾಲವೇ ತಂಪು. ಆದರೆ ಅದೇ ತೇವದಲ್ಲಿ ಅಂಗಮಾರಿ ರೋಗವೂ ಕಾದು ಕುಳಿತಿರುತ್ತದೆ. ಮನೆಯ ತೋಟಕ್ಕೆ ಆ ಸಾಹಸ ಬೇಡ. ಮಂಗಳೂರು, ಕಾರವಾರಗಳ ವಾಚಕರು ನನ್ನನ್ನು ಕ್ಷಮಿಸಬೇಕು. ಅವರ ರಾತ್ರಿಗಳು ಆಲೂಗಡ್ಡೆಗೆ ಒಗ್ಗುವುದಿಲ್ಲ. ಅವರು ಗೆಣಸಿನಲ್ಲಿಯೇ ತೃಪ್ತಿ ಪಡುವುದು ಲೇಸು.

ಬಿತ್ತನೆಗಡ್ಡೆಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಅಂಗಡಿಯಿಂದ ತಂದ ಆಲೂಗಡ್ಡೆ ಬುಟ್ಟಿಯಲ್ಲಿ ಮೊಳೆತಿತ್ತೆಂದು, ಬಿಟ್ಟಿ ಬೀಜ ದೊರೆಯಿತೆಂಬ ಹಿಗ್ಗಿನಿಂದ ನಾನೂ ಒಮ್ಮೆ ಅದನ್ನೇ ನೆಟ್ಟೆ. ತಿಂಗಳೊಂದು ಕಳೆಯಿತು; ನೀರಿದ್ದರೂ ಗಿಡಗಳು ನಡುಮಧ್ಯಾಹ್ನ ಬಾಡತೊಡಗಿದುವು, ಸಂಜೆ ಚೇತರಿಸಿಕೊಂಡುವು, ವಾರದೊಳಗೆ ಹಸಿರಾಗಿರುವಾಗಲೇ ಸತ್ತುವು. ಅದು ಸೊರಗು ರೋಗ. ಗಡ್ಡೆಯ ಮೂಲಕ ಬಂದ ಅದರ ಸೂಕ್ಷ್ಮಾಣುಗಳು ಮಣ್ಣಿನಲ್ಲಿ ನೆಲೆಯೂರಿದುವು. ಮುಂದೆ ಮೂರು ವರ್ಷ ಆ ಪಾತಿಯಲ್ಲಿ ಬದನೆಯೂ ನಿಲ್ಲಲಿಲ್ಲ, ಟೊಮೇಟೊವೂ ನಿಲ್ಲಲಿಲ್ಲ. ಅನುಮಾನ ಬಂದವರು ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದು ನೋಡಬಹುದು. ಕೆಲವು ನಿಮಿಷಗಳಲ್ಲಿ ಹಾಲಿನೆಳೆಯಂಥದು ಕೆಳಗಿಳಿದರೆ ಅದೇ ರೋಗ. ಆ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಎಸೆಯಬಾರದು. ಅಂಥ ಪಾತಿಯಲ್ಲಿ ಜೋಳ, ರಾಗಿ, ಈರುಳ್ಳಿಯಂಥವನ್ನು ಬೆಳೆಯುತ್ತ ಕೆಲವು ವರ್ಷ ಕಾಯುವುದೊಂದೇ ದಾರಿ.

ಆದುದರಿಂದ ರೋಗವಿಲ್ಲದ ಬಿತ್ತನೆಗಡ್ಡೆಯನ್ನೇ ಕೊಳ್ಳಬೇಕು. ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಎಲ್ಲಿ ದೊರೆಯುವುದೆಂದು ತಿಳಿಯಬಹುದು. ಸಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನ ಸಂಸ್ಥೆಯವರು 1968ರಲ್ಲಿ ಬಿಡುಗಡೆಮಾಡಿದ ಕುಫ್ರಿ ಜ್ಯೋತಿ ನಮ್ಮ ನಾಡಿಗೆ ಚೆನ್ನಾಗಿ ಹೊಂದಿಕೊಂಡ ತಳಿ. ಕೋಳಿಮೊಟ್ಟೆಯ ಗಾತ್ರದ ಗಡ್ಡೆಯಾದರೆ ಇಡಿಯಾಗಿ ನೆಡಬಹುದು. ದೊಡ್ಡದಾದರೆ ಪ್ರತಿ ಹೋಳಿಗೂ ಎರಡು ಕಣ್ಣಾದರೂ ಇರುವಂತೆ ಕೊಯ್ದು, ಎರಡು ದಿನ ನೆರಳಿನಲ್ಲಿಟ್ಟು, ಕೊಯ್ದ ಮುಖ ಒಣಗಿದ ಮೇಲೆ ನೆಡತಕ್ಕದ್ದು. ಒಂದು ಗಡ್ಡೆ ಕೊಯ್ದ ಚಾಕುವನ್ನು ಇನ್ನೊಂದಕ್ಕೆ ಹಾಕುವ ಮುನ್ನ ಕುದಿನೀರಿನಲ್ಲದ್ದಿ ತೆಗೆಯುವುದು ಒಳ್ಳೆಯದು. ನೆಡುವುದಕ್ಕೆ ಎರಡು ಮೂರು ವಾರ ಮೊದಲು ಗಡ್ಡೆಗಳನ್ನು ಬಿಸಿಲು ಬೀಳದ, ಆದರೆ ಬೆಳಕಿರುವ ಕಡೆ ಒಂದೇ ಪದರವಾಗಿ ಹರಡಿದರೆ ಗಿಡ್ಡನೆಯ ದಪ್ಪ ಮೊಳಕೆಗಳು ಬರುತ್ತವೆ. ಕತ್ತಲೆಯ ಮೂಲೆಯಲ್ಲಿ ಬರುವ ಬಿಳಿಯ ಉದ್ದನೆಯ ಮೊಳಕೆ ಮುಟ್ಟಿದರೆ ಮುರಿಯುತ್ತದೆ.

ಎರಡಡಿಗೊಂದು ಸಾಲು, ಸಾಲಿನಲ್ಲಿ ಎಂಟಂಗುಲಕ್ಕೊಂದು ಗಡ್ಡೆ, ಎರಡು ಮೂರು ಅಂಗುಲ ಆಳ. ಗೊಬ್ಬರ ಚೆನ್ನಾಗಿ ಕಳಿತದ್ದಾಗಿರಲಿ. ಹಸಿ ಸಗಣಿಯಿಂದಲೂ, ಬೂದಿ ಸುಣ್ಣಗಳ ಅತಿಯಿಂದಲೂ ಗಡ್ಡೆಯ ಸಿಪ್ಪೆಗೆ ಕಜ್ಜಿ ಹತ್ತುವುದುಂಟು. ಗಿಡ ಒಂದು ಗೇಣು ಬೆಳೆದಾಗ ಇಕ್ಕೆಲದ ಮಣ್ಣನ್ನು ಬುಡಕ್ಕೆ ಏರಿಸಬೇಕು, ಮತ್ತೆ ಮೂರು ವಾರಕ್ಕೆ ಇನ್ನೊಮ್ಮೆ. ಹೊಸ ಗಡ್ಡೆಗಳು ನೆಟ್ಟ ಗಡ್ಡೆಗಿಂತ ಮೇಲೆ, ಕಾಂಡದ ಪಕ್ಕದಲ್ಲಿ ಕಟ್ಟುವುವೆಂಬುದು ನೆನಪಿದೆಯಷ್ಟೆ? ಮಣ್ಣು ಏರಿಸದಿದ್ದರೆ ಅವು ಹೊರಗೆ ಇಣುಕಿ, ಬೆಳಕು ತಾಗಿ ಹಸಿರಾಗುತ್ತವೆ.

ಈ ಹಸಿರನ್ನು ಹಗುರವಾಗಿ ಎಣಿಸಬಾರದು. ಹಸಿರು ಬಣ್ಣದಿಂದ ಕೇಡಿಲ್ಲ. ಆದರೆ ಅದನ್ನು ತಂದ ಬೆಳಕೇ ಸಿಪ್ಪೆಯ ಕೆಳಗೆ ಸೋಲನಿನ್ ಎಂಬ ವಿಷವನ್ನೂ ಹೆಚ್ಚಿಸುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ತಿಂದವರಿಗೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು. ಮಕ್ಕಳಿಗೆ ಬೇಗ ತಾಗುತ್ತದೆ. ಅಲ್ಲಲ್ಲಿ ತುಸು ಹಸಿರಿದ್ದರೆ ದಪ್ಪವಾಗಿ ಹೆರೆದು ತೆಗೆಯಿರಿ. ಹೆಚ್ಚು ಹಸಿರಾಗಿದ್ದರೆ, ನಾಲಿಗೆಗೆ ಕಹಿಯೆನಿಸಿದರೆ, ಜಿಪುಣತನ ಮಾಡದೆ ಎಸೆದುಬಿಡಿ. ಇನ್ನೊಂದು ಎಚ್ಚರಿಕೆ: ಆಲೂಗಡ್ಡೆಯ ಗಿಡ ಕೆಲವೊಮ್ಮೆ ಹೂಬಿಟ್ಟು, ಎಳೆಯ ಟೊಮೇಟೊವಿನಂಥ ಹಸಿರು ಕಾಯಿ ಕಟ್ಟುತ್ತದೆ. ಅದೂ ವಿಷವೇ. ಹಿತ್ತಲಲ್ಲಿ ಆಡುವ ಮಕ್ಕಳಿರುವ ಮನೆಯಲ್ಲಿ ಕಾಯಿ ಕಂಡೊಡನೆ ಕಿತ್ತು ಹೂಳುವುದು ಕ್ಷೇಮ.

ಅಂಗಮಾರಿಯ ಹೆಸರು ಮೇಲೆ ಬಂದಿತಷ್ಟೆ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಮಚ್ಚೆ, ಅದು ಕಪ್ಪಾಗುವುದು, ಎಲೆಯ ಕೆಳಗೆ ಬೆಳ್ಳನೆಯ ಬೂಷ್ಟು, ನಾಲ್ಕೈದು ದಿನಗಳಲ್ಲಿ ಇಡೀ ಪಾತಿ ಬೆಂದಂತೆ ಕುಸಿಯುವುದು: ಇದು ಅದರ ರೀತಿ. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಈ ರೋಗವೇ ಹೊಲಗಳನ್ನು ಬರಿದು ಮಾಡಿ, ಸುಮಾರು 10 ಲಕ್ಷ ಜನ ಹಸಿವೆಯಿಂದಲೂ ಅದರ ಹಿಂದೆ ಬಂದ ಕಾಯಿಲೆಗಳಿಂದಲೂ ಸತ್ತರು. ಬಡವರೆಲ್ಲ ಹೆಚ್ಚಾಗಿ ಒಂದೇ ತಳಿಯ ಗಡ್ಡೆಯನ್ನು ನೆಟ್ಟು, ಅದೊಂದನ್ನೇ ನಂಬಿದ್ದರು. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗ ಇದರ ಸಮೀಪದ ಬಂಧು. ಅಲ್ಲಿ ಕೊನೆಗೆ ಸಿಂಪಡಿಸುವ ಬೋರ್ಡೋ ದ್ರಾವಣವೇ ಇಲ್ಲಿಯೂ ರೋಗ ಬಾರದ ಮೊದಲು ಕಾಪಾಡುತ್ತದೆ. ಹತ್ತಡಿ ಪಾತಿಯವರು ಎಲೆಗೆ ನೀರು ಹಾರಿಸದೆ ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಹಾಯಿಸಿ, ಮಚ್ಚೆ ಕಂಡ ಎಲೆಗಳನ್ನು ಕೂಡಲೆ ಕಿತ್ತರೆ ಬಹುಮಟ್ಟಿಗೆ ಸಾಕು.

ಮೂರು ತಿಂಗಳಿಗೆ ಎಲೆ ಹಳದಿಯಾಗುತ್ತದೆ. ಹತ್ತು ದಿನ ನೀರು ನಿಲ್ಲಿಸಿ, ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ತಿಕ್ಕಿ ನೋಡಿ. ಸಿಪ್ಪೆ ಸುಲಿಯದಿದ್ದರೆ ಅಗೆಯಬಹುದು. ತೊಳೆಯದೆ, ಕತ್ತಲೆಯ, ಗಾಳಿಯಾಡುವ ಕಡೆ ಇಡಿ. ರೆಫ್ರಿಜರೇಟರಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಂದುಗಟ್ಟುತ್ತದೆ. ಗಿಡಕ್ಕೆ ಅರ್ಧ ಕಿಲೋ ಬಂದರೆ ಬಹಳ ಚೆನ್ನಾಗಿ ಬಂತೆಂದೇ ತಿಳಿಯಬೇಕು. ಸೋದರಿಯವರ ಜಾಗದ ಅರ್ಧದಲ್ಲಿ ಮೂವತ್ತು ಗಿಡ ಹಿಡಿಸಿದರೆ ಹತ್ತು ಕಿಲೋ ನಿರೀಕ್ಷಿಸಬಹುದು. ಹಣದ ಲೆಕ್ಕ ಹಾಕುವವರಿಗೆ ಅಂಗಡಿಯ ಆಲೂಗಡ್ಡೆಯೇ ಅಗ್ಗವೆಂದು ನಾನು ಮುಚ್ಚುಮರೆಯಿಲ್ಲದೆ ಹೇಳಬಲ್ಲೆ. ಆದರೆ ಆಗತಾನೆ ಅಗೆದ ಎಳೆ ಗಡ್ಡೆಯ ಪಲ್ಯದ ರುಚಿ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ.

ಗೆಣಸಿನ ದಾರಿಯೇ ಬೇರೆ. ಗಡ್ಡೆಯನ್ನು ಹೂಳಿ ಗಡ್ಡೆ ಪಡೆಯುವುದಲ್ಲ. ಬಳ್ಳಿಯ ತುದಿಯನ್ನು ನೆಟ್ಟು ಪಡೆಯುವುದು. ಒಂದು ಗೇಣಿಗೆ ಮಿಕ್ಕ, ನಾಲ್ಕೈದು ಗೆಣ್ಣುಗಳುಳ್ಳ ತುದಿಯನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಮೂರು ಗೆಣ್ಣು ಮಣ್ಣಿನೊಳಗಿರುವಂತೆ ಎತ್ತರದ ಏರಿಯ ಮೇಲೆ ಎಂಟಂಗುಲಕ್ಕೊಂದರಂತೆ ನೆಡಬೇಕು. ಹೂಳಿದ ಗೆಣ್ಣಿನ ಬೇರುಗಳೇ ದಪ್ಪವಾಗಿ ಗೆಣಸಾಗುತ್ತವೆ. ಬಳ್ಳಿ ಸಿಕ್ಕದವರು ಒಂದು ಗೆಣಸನ್ನು ಒದ್ದೆ ಮರಳಿನಲ್ಲಿ ಅರ್ಧ ಹುದುಗಿಸಿಟ್ಟರೆ ಕೆಲವು ವಾರಗಳಲ್ಲಿ ಚಿಗುರುಗಳೇಳುತ್ತವೆ.

ಪೂರ್ತಿ ಬಿಸಿಲು, ಸಡಿಲ ಮಣ್ಣು, ಬಡ ಗೊಬ್ಬರ: ಗೆಣಸು ಕೇಳುವುದು ಇಷ್ಟೆ. ಸಗಣಿ ಹೆಚ್ಚಾದಷ್ಟೂ ಎಲೆ ಹೆಚ್ಚು, ಬೇರು ಬಡಕಲು. ಬಳ್ಳಿ ಹತ್ತಿಕೊಂಡ ಮೇಲೆ ವಾರಕ್ಕೊಂದು ನೀರು ಸಾಕು. ಹರಡಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರಿಳಿಸಿ ಶಕ್ತಿಯನ್ನು ಹಂಚಿಬಿಡುವುದರಿಂದ ತಿಂಗಳಿಗೊಮ್ಮೆ ಮೆಲ್ಲಗೆ ಎತ್ತಿ ತಿರುವಿ ಹಾಕುವ ರೂಢಿಯಿದೆ. ಎಳೆಯ ಕುಡಿಗಳನ್ನು ಸೊಪ್ಪಿನ ಪಲ್ಯಕ್ಕೂ ಬಳಸಬಹುದು. ನಮ್ಮಲ್ಲಿ ಕಡಿಮೆಯಾದರೂ ಪೂರ್ವದ ಎಷ್ಟೋ ದೇಶಗಳಲ್ಲಿ ಇದು ನಿತ್ಯದ ಅಡುಗೆ. ಆಲೂಗಡ್ಡೆಯ ಎಲೆಗೆ ಮಾತ್ರ ಈ ಮಾತು ಎಂದೂ ಅನ್ವಯಿಸದು, ಅದು ವಿಷ.

ಗೆಣಸಿಗೆ ಒಬ್ಬನೇ ದೊಡ್ಡ ಶತ್ರು. ಇರುವೆಯಂತೆ ತೆಳ್ಳಗೆ, ಕೆಂಪು ಕುತ್ತಿಗೆಯ ಮೂತಿಹುಳು ಮಣ್ಣಿನ ಬಿರುಕಿನಲ್ಲಿ ಇಳಿದು ಗೆಣಸಿನಲ್ಲಿ ಮೊಟ್ಟೆಯಿಡುತ್ತದೆ. ಕೊರೆದ ಗೆಣಸು ಕಹಿಯಾಗಿ ದುರ್ನಾತ ಬೀರುತ್ತದೆ. ಅದನ್ನು ಹಸುವಿಗೂ ಹಾಕಬಾರದು. ಬುಡದ ಮಣ್ಣು ಬಿರುಕು ಬಿಟ್ಟಾಗಲೆಲ್ಲ ಮುಚ್ಚುವುದು, ಬಲಿತ ಮೇಲೆ ನೆಲದಲ್ಲಿ ಬಿಡದಿರುವುದು, ಇವೆರಡೇ ಮನೆಯ ಮದ್ದು. ಬಲಿತದ್ದು ತಿಳಿಯಲು ಒಂದು ಗೆಣಸನ್ನು ಕೊಯ್ದು ನೋಡಿ: ಒಸರಿದ ಹಾಲು ಬಿಳಿಯಾಗಿಯೇ ಒಣಗಿದರೆ ಬಲಿತಿದೆ, ಕಪ್ಪುಹಸಿರಿಗೆ ತಿರುಗಿದರೆ ಇನ್ನೂ ಎಳೆಯದು. ಅಗೆದ ದಿನವೇ ಬೇಯಿಸಿ “ಸಿಹಿಯೇ ಇಲ್ಲ” ಎನ್ನಬೇಡಿ. ಬೆಚ್ಚನೆಯ ನೆರಳಿನಲ್ಲಿ ವಾರವೊಂದು ಇಟ್ಟರೆ ಗಾಯ ಮಾಗಿ, ಪಿಷ್ಟ ಸಿಹಿಯಾಗುತ್ತದೆ. ತಿರುವನಂತಪುರದಲ್ಲಿ 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನ ಸಂಸ್ಥೆಯ ಭೂ ಸೋನಾ ಎಂಬ ಕಿತ್ತಳೆ ಬಣ್ಣದ ತಳಿ ಸಿಕ್ಕಿದರೆ ಬಿಡಬೇಡಿ. ಕ್ಯಾರೆಟ್ಟಿನಲ್ಲಿರುವಂತೆ ಅದರಲ್ಲಿಯೂ ದೇಹವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಅಂಶ ಹೇರಳವಾಗಿದೆ.

ಪತ್ರ ಬರೆದ ಸೋದರಿಗೆ ಇನ್ನೊಂದು ಮಾತು. ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಗಳ ಜತೆ ಬೇಯಿಸುವ ಗೆಣಸು ನಿಮ್ಮ ಹಿತ್ತಲಿನದೇ ಆಗಬೇಕೆಂದಿದ್ದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಳ್ಳಿ ನೆಲ ಸೇರಬೇಕು. ಬಳ್ಳಿಗಾಗಿ ಎಲ್ಲಿಯೂ ಅಲೆಯಬೇಕಾಗಿಲ್ಲ. ನೀವು ಬುಡ ಅಗೆದಿದ್ದರೂ ಕಾಂಪೌಂಡಿನಾಚೆ ಇಳಿದ ಕುಡಿಗಳು ಪಕ್ಕದ ಮನೆಯ ಅಂಗಳದಲ್ಲಿ ಬೇರೂರಿ ಬದುಕಿಯೇ ಇರುತ್ತವೆ. ಅವರನ್ನು ಕೇಳಿ ಇಪ್ಪತ್ತು ತುದಿಗಳನ್ನು ಕತ್ತರಿಸಿ ತನ್ನಿ. ನೆಡುವಾಗ ಅತ್ತೆಯವರನ್ನೂ ಕರೆದು ಒಂದು ಸಾಲನ್ನು ಅವರ ಕೈಯಿಂದಲೇ ನೆಡಿಸಿ. ಯಾವ ಸಾಲಿನಲ್ಲಿ ಎಷ್ಟು ಬಂತೆಂದು ಸಂಕ್ರಾಂತಿಯ ನಂತರ ನಮಗೆ ಬರೆದು ತಿಳಿಸಿ.