ಒಂದಕ್ಷರ ತಪ್ಪಿದ್ದಕ್ಕೆ ಎರಡು ತಿಂಗಳು

ಅಪ್ಪನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮ ಪಾಸ್‌ಬುಕ್ ತಂದು ನನ್ನ ಕೈಗಿಟ್ಟರು. ‘ನಿನ್ನ ಫೀಸಿನ ದುಡ್ಡು ಇದರಲ್ಲೇ ಇದೆ, ತೆಗೆಸಿಕೊಂಡು ಬಾ ಮಗ’ ಎಂದರು. ಬ್ಯಾಂಕಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಮರಣ ಪ್ರಮಾಣಪತ್ರ ಎಲ್ಲಿ?’

ಊರಿನ ಪಂಚಾಯಿತಿಗೆ ಹೋದೆ. ‘ನಿಮ್ಮ ತಂದೆ ತೀರಿಕೊಂಡಿದ್ದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ, ನೋಂದಣಿಯೂ ಅಲ್ಲೇ’ ಎಂದರು. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿ, ವಾಸದ ಊರಿನಲ್ಲಲ್ಲ ಎಂಬ ನಿಯಮ ನನಗೆ ಗೊತ್ತಾಗಿದ್ದು ಆಗಲೇ. ಬಸ್ ಹತ್ತಿ ಹೋಗಿ ಪತ್ರ ತಂದೆ. ಬ್ಯಾಂಕಿನವರು ಆಧಾರ್ ಪಕ್ಕ ಇಟ್ಟು ನೋಡಿ ವಾಪಸ್ ಕೊಟ್ಟರು. ಅಪ್ಪನ ಹೆಸರಿನ ಕೊನೆಯ ‘ಪ್ಪ’ ಹೋಗಿ ‘ಯ್ಯ’ ಬಂದಿತ್ತು.

ತಪ್ಪು ಯಾರದು? ಆ ರಾತ್ರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದವರು ನಮ್ಮ ದೊಡ್ಡಪ್ಪ. ಊರಲ್ಲಿ ಕರೆಯುವ ಹೆಸರನ್ನೇ ಹೇಳಿದ್ದರು. ಅದೇ ಕಂಪ್ಯೂಟರಿಗೆ ಹೋಯಿತು. ತಿದ್ದುಪಡಿಗೆ ಅರ್ಜಿ, ಅಫಿಡವಿಟ್, ಆಸ್ಪತ್ರೆಯ ಪತ್ರ ಎಂದು ನಾಲ್ಕು ಸಲ ಓಡಾಡಿದೆ. ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪರೀಕ್ಷಾ ಶುಲ್ಕವನ್ನು ಗೆಳೆಯನಿಂದ ಸಾಲ ಪಡೆದು ಕಟ್ಟಿದ್ದೆ. ಅಮ್ಮನ ವಿಧವಾ ವೇತನದ ಅರ್ಜಿ, ಜಮೀನಿನ ಪೌತಿ ಖಾತೆ ಎರಡೂ ಅದೇ ಕಾಗದಕ್ಕಾಗಿ ಕಾಯುತ್ತಿದ್ದವು.

ಕಾನೂನು ನಿಜಕ್ಕೂ ಜನರ ಪರವಾಗಿಯೇ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ನೋಂದಣಿಯಾದ ಏಳು ದಿನಗಳೊಳಗೆ ಮಾಹಿತಿ ಕೊಟ್ಟವರಿಗೆ ಉಚಿತವಾಗಿ ಪ್ರಮಾಣಪತ್ರ ಕೊಡಬೇಕು. ರಾಜ್ಯದಲ್ಲಿ ಇ–ಜನ್ಮ ತಂತ್ರಾಂಶದ ಮೂಲಕ ಡಿಜಿಟಲ್ ಸಹಿಯ ಪ್ರತಿ ಸಿಗುತ್ತದೆ. ತಪ್ಪು ತಿದ್ದಲು 15ನೇ ಕಲಂ ಅವಕಾಶ ಕೊಡುತ್ತದೆ.

ಆದರೆ ಕಂಪ್ಯೂಟರ್ ತಪ್ಪನ್ನು ತಾನಾಗಿ ತಿದ್ದುವುದಿಲ್ಲ, ಬೇಗ ಹರಡುತ್ತದೆ ಅಷ್ಟೆ. ಇದೇ ದತ್ತಾಂಶವನ್ನು ಮತದಾರರ ಪಟ್ಟಿ, ಪಡಿತರ ಚೀಟಿಗಳಿಗೂ ಬಳಸಲು ಹೊಸ ಕಾನೂನು ದಾರಿ ಮಾಡಿದೆ. ಒಂದು ತಪ್ಪು ಅಕ್ಷರ ಅಲ್ಲಿಗೂ ಹೋದರೆ? ದಾಖಲಿಸುವ ಮುನ್ನ ಕುಟುಂಬದವರಿಗೆ ಕರಡು ತೋರಿಸಿ ಸಹಿ ಪಡೆಯುವುದನ್ನು ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯ ಮಾಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಐದು ನಿಮಿಷ ಸಾಕು. ಡಿಜಿಟಲ್ ಪ್ರತಿ ಕೊಟ್ಟರೂ ‘ದುಂಡು ಸೀಲು ಎಲ್ಲಿ’ ಎಂದು ಕೇಳುವ ಕೌಂಟರುಗಳೂ ಬದಲಾಗಬೇಕು.

ನಾವು ಓದಿದವರು ಮಾಡಬೇಕಾದದ್ದೂ ಇದೆ. ಮನೆಯಲ್ಲಿ ಸಾವಾದಾಗ ಹಿರಿಯರು ಅಳುತ್ತಿರುತ್ತಾರೆ, ಆ ಅರ್ಜಿ ನಮ್ಮ ಕೈಗೆ ಬರಲಿ. ಆಧಾರ್ ನೋಡಿಯೇ ಹೆಸರು ಬರೆಸೋಣ. ಮನೆಯಲ್ಲೇ ಸಾವಾಗಿದ್ದರೆ 21 ದಿನಗಳೊಳಗೆ ತಿಳಿಸೋಣ. ತಡವಾದಷ್ಟೂ ದಂಡ, ಸ್ವಯಂ ದೃಢೀಕರಿಸಿದ ದಾಖಲೆ ಸೇರಿಕೊಳ್ಳುತ್ತವೆ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. ಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮುನ್ನವೇ ಅಕ್ಷರ ಅಕ್ಷರ ಓದೋಣ.

ತಿದ್ದಿದ ಪತ್ರ ತಂದು ಕೊಟ್ಟ ದಿನ, ಓದು ಬಾರದ ಅಮ್ಮ ‘ಈಗ ಅವರ ಹೆಸರು ಸರಿಯಾಗಿದೆಯಾ?’ ಎಂದು ಕೇಳಿದರು. ಸರಿಯಾಗಿದೆ ಎಂದೆ. ಅದನ್ನು ಅಪ್ಪನ ಫೋಟೊದ ಹಿಂದೆ ಜೋಪಾನವಾಗಿ ಇಟ್ಟರು.